ಅಣುವಿನಲ್ಲಿ ಏನು ನೋಡಬೇಕು, ಸೊಳ್ಳೆಯಲ್ಲಿ ಏನು ಎಣಿಸಬೇಕು

ಕಳೆದ ಶತಮಾನದ ಆರಂಭದಲ್ಲಿ ಯುರೋಪಿನ ಮಲೇರಿಯಾ ತಜ್ಞರನ್ನು ಒಂದು ಒಗಟು ಕಾಡುತ್ತಿತ್ತು. ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಸೊಳ್ಳೆಯ ಜಠರದ ಗೋಡೆಯಲ್ಲಿ ಮಲೇರಿಯಾದ ಪರೋಪಜೀವಿಯನ್ನು ಕಂಡದ್ದು 1897ರಲ್ಲಿ. ಅದರ ಬೆನ್ನಿಗೇ ಇಟಲಿಯ ವಿಜ್ಞಾನಿಗಳು ಮನುಷ್ಯರಿಗೆ ಮಲೇರಿಯಾ ಹರಡುವುದು ಅನಾಫಿಲಿಸ್ ಕುಲದ ಸೊಳ್ಳೆಗಳು ಎಂದು ತೋರಿಸಿದರು. ಅಲ್ಲಿಗೆ ಲೆಕ್ಕ ಸರಳವಾಯಿತು: ಅನಾಫಿಲಿಸ್ ಹೆಚ್ಚಿದ್ದಲ್ಲಿ ಮಲೇರಿಯಾವೂ ಹೆಚ್ಚಿರಬೇಕು. ಆದರೆ ಸೊಳ್ಳೆಗಳನ್ನು ಹಿಡಿದು ಎಣಿಸಿದಾಗ ಲೆಕ್ಕ ಕೂಡಿಬರಲಿಲ್ಲ. ಅನಾಫಿಲಿಸ್ ಮ್ಯಾಕುಲಿಪೆನ್ನಿಸ್ ದಂಡಿಯಾಗಿದ್ದ ಎಷ್ಟೋ ಕಡೆ ಮಲೇರಿಯಾದ ಸುಳಿವೇ ಇರಲಿಲ್ಲ. ಇನ್ನೆಲ್ಲೋ ಅದೇ ಸೊಳ್ಳೆ ಊರಿಗೆ ಊರನ್ನೇ ಜ್ವರಕ್ಕೆ ಕೆಡವುತ್ತಿತ್ತು. ರೆಕ್ಕೆಯ ಮಚ್ಚೆ, ಕಾಲು, ಸೊಂಡಿಲು ಎಲ್ಲವನ್ನೂ ಹೋಲಿಸಿ ನೋಡಿದ್ದಾಯಿತು. ಎರಡೂ ಕಡೆಯ ಸೊಳ್ಳೆಗಳಲ್ಲಿ ಎದ್ದುಕಾಣುವ ವ್ಯತ್ಯಾಸವೇ ಇರಲಿಲ್ಲ.

1926ರಲ್ಲಿ ಡೊಮೆನಿಕೊ ಫಲ್ಲೆರೋನಿ ಎಂಬ ಇಟಲಿಯ ಆರೋಗ್ಯ ಇನ್‌ಸ್ಪೆಕ್ಟರ್ ಸೊಳ್ಳೆಯನ್ನು ಬಿಟ್ಟು ಅದರ ಮೊಟ್ಟೆಯನ್ನು ನೋಡಿದರು. ಒಂದೊಂದು ಹೆಣ್ಣಿನ ಮೊಟ್ಟೆಗಳ ಮೇಲೂ ಒಂದೊಂದು ಬಗೆಯ ಚಿತ್ತಾರವಿತ್ತು, ಆ ಚಿತ್ತಾರ ತಾಯಿಯಿಂದ ಮಗಳಿಗೆ ಬದಲಾಗದೆ ಇಳಿಯುತ್ತಿತ್ತು. ಎಲ್ಲರೂ ಒಂದೇ ಎಂದುಕೊಂಡಿದ್ದ ಸೊಳ್ಳೆ, ಮುಂದಿನ ವರ್ಷಗಳ ಕೆಲಸದಿಂದ, ಹಲವು ಪ್ರಭೇದಗಳ ಗುಂಪು ಎಂದು ಗೊತ್ತಾಯಿತು. ಕೆಲವಕ್ಕೆ ದನಗಳ ರಕ್ತವೇ ಇಷ್ಟ, ಕೆಲವಕ್ಕೆ ಮನುಷ್ಯರದು. ಅಷ್ಟು ವರ್ಷ ಎಣಿಕೆಯಲ್ಲಿ ಲೋಪವಿರಲಿಲ್ಲ. ನೋಡಿದ ಲಕ್ಷಣಕ್ಕೂ ರೋಗಕ್ಕೂ ಸಂಬಂಧವಿರಲಿಲ್ಲ, ಅಷ್ಟೇ.

ಇದೇ ತೊಂದರೆ ಸೊಳ್ಳೆಗೆ ಯಾವ ನಂಟೂ ಇಲ್ಲದ ಮತ್ತೊಂದು ಕ್ಷೇತ್ರದಲ್ಲೂ ಇದೆ. ಕಂಪ್ಯೂಟರಿನ ನೆರವಿನಿಂದ ಶಿಲೀಂಧ್ರ ಸೋಂಕಿಗೆ ಹೊಸ ಔಷಧ ಹುಡುಕುವವರು ಒಂದು ಅಣುವಿನ ಬಗ್ಗೆ ಸಾವಿರಾರು ಅಂಕಿಗಳನ್ನು ಕ್ಷಣಾರ್ಧದಲ್ಲಿ ಪಡೆಯಬಲ್ಲರು. ಅವುಗಳಲ್ಲಿ ಯಾವುದನ್ನು ನಂಬಬೇಕು ಎಂಬುದಕ್ಕೆ ವರ್ಷಗಳೇ ಬೇಕಾಗುತ್ತವೆ.

ಶಿಲೀಂಧ್ರ ಎಂಬ ಹತ್ತಿರದ ನೆಂಟ

ಬ್ಯಾಕ್ಟೀರಿಯಾ ವಿರುದ್ಧದ ಔಷಧಗಳ ಪಟ್ಟಿ ಉದ್ದ, ಶಿಲೀಂಧ್ರದ ವಿರುದ್ಧದ್ದು ಗಿಡ್ಡ. ವಿಕಾಸದ ವಂಶವೃಕ್ಷದಲ್ಲಿ ಶಿಲೀಂಧ್ರಗಳು ಸಸ್ಯಗಳಿಗಿಂತ ಪ್ರಾಣಿಗಳಿಗೇ ಹತ್ತಿರ. ಅವುಗಳ ಜೀವಕೋಶದ ಒಳಾಂಗಣ ಬಹುಪಾಲು ನಮ್ಮದರಂತೆಯೇ ಇರುವುದರಿಂದ, ಶಿಲೀಂಧ್ರವನ್ನು ಕೊಲ್ಲುವ ವಿಷ ರೋಗಿಯನ್ನೂ ಸುಲಭಕ್ಕೆ ಬಿಡುವುದಿಲ್ಲ. ವ್ಯತ್ಯಾಸವಿರುವ ಕೆಲವೇ ಜಾಗಗಳಲ್ಲಿ ಹೊಡೆಯಬೇಕು. ನಮ್ಮ ಕೋಶಪೊರೆಯಲ್ಲಿ ಕೊಲೆಸ್ಟೆರಾಲ್ ಇದ್ದರೆ ಅವುಗಳದರಲ್ಲಿ ಎರ್ಗೊಸ್ಟೆರಾಲ್ ಇದೆ. ಆಂಫೊಟೆರಿಸಿನ್ ಬಿ ಆ ಎರ್ಗೊಸ್ಟೆರಾಲನ್ನೇ ಹಿಡಿದುಕೊಳ್ಳುತ್ತದೆ, ಜೊತೆಗೆ ಮೂತ್ರಪಿಂಡಕ್ಕೂ ಪೆಟ್ಟು ಕೊಡುತ್ತದೆ. ಫ್ಲುಕೊನಜೋಲ್‌ನಂಥ ಅಜೋಲ್‌ಗಳು ಎರ್ಗೊಸ್ಟೆರಾಲ್ ತಯಾರಿಸುವ ಒಂದು ಕಿಣ್ವವನ್ನು ತಡೆಯುತ್ತವೆ. 2001ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಕ್ಯಾಸ್ಪೊಫಂಗಿನ್, ನಮ್ಮಲ್ಲಿ ಇಲ್ಲವೇ ಇಲ್ಲದ ಕೋಶಭಿತ್ತಿಯ ಗ್ಲುಕಾನ್ ತಯಾರಿಗೆ ಅಡ್ಡಗಾಲು ಹಾಕುತ್ತದೆ. ಜೀವಕ್ಕೆ ಎರವಾಗುವ ಸೋಂಕಿನಲ್ಲಿ ವೈದ್ಯರ ಕೈಯಲ್ಲಿರುವುದು ಬಹುಮಟ್ಟಿಗೆ ಈ ಮೂರು ಮನೆತನಗಳೇ.

2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮೊದಲ ಬಾರಿಗೆ ಆದ್ಯತೆಯ ಶಿಲೀಂಧ್ರಗಳ ಪಟ್ಟಿ ಹೊರಡಿಸಿತು. ಅದರಲ್ಲಿರುವ 19ರ ಪೈಕಿ ಅತ್ಯಂತ ಗಂಭೀರವೆಂದು ಗುರುತಿಸಿದ ನಾಲ್ಕರಲ್ಲಿ ಕ್ಯಾಂಡಿಡಾ ಆರಿಸ್ ಒಂದು. 2009ರಲ್ಲಿ ಜಪಾನಿನ ರೋಗಿಯೊಬ್ಬರ ಕಿವಿಯಿಂದ ತೆಗೆದ ಮಾದರಿಯಲ್ಲಿ ಮೊದಲು ವಿವರಿಸಲಾದ ಈ ಶಿಲೀಂಧ್ರದ ಕೆಲವು ತಳಿಗಳು ಮೂರೂ ಮನೆತನಗಳ ಔಷಧಗಳಿಗೆ ಜಗ್ಗುವುದಿಲ್ಲ. ಹೊಸ ಅಣುಗಳನ್ನು ಹುಡುಕುವ ಅವಸರ ಇದರಿಂದಲೇ.

ಅಣುವನ್ನು ಅಂಕಿಯಾಗಿಸುವುದು

ಕಂಪ್ಯೂಟರಿಗೆ ಅಣು ಕಾಣುವುದಿಲ್ಲ, ಅಂಕಿ ಕಾಣುತ್ತದೆ. ಅಣುವಿನ ರಚನೆಯಿಂದ ಲೆಕ್ಕ ಹಾಕಿ ತೆಗೆದ ಇಂಥ ಪ್ರತಿಯೊಂದು ಅಂಕಿಯನ್ನೂ ಡಿಸ್ಕ್ರಿಪ್ಟರ್ ಎನ್ನುತ್ತಾರೆ. ಇಲ್ಲಿ ಲಕ್ಷಣ ಎಂದರೆ ಸಾಕು. ಅಣುತೂಕ, ಸಾರಜನಕದ ಪರಮಾಣುಗಳ ಸಂಖ್ಯೆ, ಉಂಗುರಗಳ ಸಂಖ್ಯೆ ಇವೆಲ್ಲ ನೇರವಾದವು. ಕೆಲವು ಲಕ್ಷಣಗಳು ಆಕಾರವನ್ನೇ ಅಂಕಿಗೆ ಇಳಿಸುತ್ತವೆ. ಅವುಗಳಲ್ಲಿ ಹಳೆಯದೊಂದು 1947ರ ವೀನರ್ ಸೂಚ್ಯಂಕ. ಅಣುವಿನ ಇಂಗಾಲದ ಪರಮಾಣುಗಳನ್ನು ಜೋಡಿ ಜೋಡಿಯಾಗಿ ತೆಗೆದುಕೊಂಡು, ಒಂದರಿಂದ ಇನ್ನೊಂದಕ್ಕೆ ಎಷ್ಟು ಬಂಧ ದಾಟಬೇಕು ಎಂದು ಎಣಿಸಿ ಎಲ್ಲವನ್ನೂ ಕೂಡಿಸಿದರೆ ಆಯಿತು. ನಾಲ್ಕು ಇಂಗಾಲ ಸಾಲಾಗಿರುವ ಬ್ಯೂಟೇನ್‌ನಲ್ಲಿ ಆರು ಜೋಡಿಗಳಿವೆ: ಪಕ್ಕಪಕ್ಕದ ಮೂರು ಜೋಡಿಗೆ ತಲಾ 1, ಒಂದು ಬಿಟ್ಟು ಒಂದಿರುವ ಎರಡು ಜೋಡಿಗೆ ತಲಾ 2, ಎರಡು ತುದಿಗಳ ನಡುವೆ 3, ಒಟ್ಟು 10. ಅದೇ ನಾಲ್ಕು ಇಂಗಾಲದ ಐಸೊಬ್ಯೂಟೇನ್‌ನಲ್ಲಿ ನಡುವೆ ಒಂದು, ಸುತ್ತ ಮೂರು. ನಡುವಿನಿಂದ ಸುತ್ತಲಿನವಕ್ಕೆ 1, 1, 1, ಸುತ್ತಲಿನವುಗಳ ನಡುವೆ 2, 2, 2, ಒಟ್ಟು 9. ಎರಡರ ಅಣುಸೂತ್ರ ಒಂದೇ, ತೂಕ ಒಂದೇ. ಆದರೆ ಮೊದಲನೆಯದು ಸೊನ್ನೆಗೆ ಅರ್ಧ ಡಿಗ್ರಿ ಸೆಲ್ಸಿಯಸ್ ಕೆಳಗೆ ಕುದಿದರೆ ಎರಡನೆಯದು ಸುಮಾರು 12 ಡಿಗ್ರಿ ಕೆಳಗೆ ಕುದಿಯುತ್ತದೆ. ತೂಕ ಹೇಳದ ಗುಟ್ಟನ್ನು ಈ ಸಣ್ಣ ಕೂಡಿಕೆ ಹೇಳಿತು.

ಇಂಥ ಲಕ್ಷಣಗಳಿಂದ ಔಷಧಗುಣವನ್ನು ಊಹಿಸುವ ದಾರಿಯನ್ನು 1960ರ ದಶಕದಲ್ಲಿ ಕಾರ್ವಿನ್ ಹಾನ್ಶ್ ಮತ್ತು ತೊಶಿಯೊ ಫುಜಿತಾ ಗಟ್ಟಿಮಾಡಿದರು. ಅವರ ಕಾಲದಲ್ಲಿ ಒಂದೊಂದು ಲಕ್ಷಣವನ್ನೂ ಬೆವರು ಸುರಿಸಿ ಪಡೆಯಬೇಕಿತ್ತು, ಹಾಗಾಗಿ ಯೋಚಿಸಿ ಆರಿಸುತ್ತಿದ್ದರು. ಇಂದು ಉಚಿತವಾಗಿ ಸಿಗುವ ಮಾರ್ಡ್ರೆಡ್ ಎಂಬ ತಂತ್ರಾಂಶವೇ ಒಂದು ಅಣುವಿಗೆ 1,800ಕ್ಕೂ ಹೆಚ್ಚು ಲಕ್ಷಣಗಳನ್ನು ಉದುರಿಸುತ್ತದೆ.

ಇನ್ನೊಂದು ಪಕ್ಕದಲ್ಲಿ ಅಣುವಿನ ಶಕ್ತಿಯ ಅಳತೆ ಬೇಕು. ಇದನ್ನು ಅಳೆಯುವುದು 96 ಗುಳಿಗಳ ಪ್ಲಾಸ್ಟಿಕ್ ತಟ್ಟೆಯಲ್ಲಿ. ಸಾಲಿನ ಮೊದಲ ಗುಳಿಯಲ್ಲಿ ಮಿಲಿಲೀಟರಿಗೆ 64 ಮೈಕ್ರೊಗ್ರಾಂ ಔಷಧವಿದ್ದರೆ ಮುಂದಿನದರಲ್ಲಿ 32, ಆಮೇಲೆ 16, 8, ಹೀಗೆ ಅರ್ಧರ್ಧ ಇಳಿಸುತ್ತ ಹೋಗುತ್ತಾರೆ. ಎಲ್ಲದಕ್ಕೂ ಒಂದೇ ಪ್ರಮಾಣದ ಶಿಲೀಂಧ್ರ ಹಾಕಿ, ಕ್ಯಾಂಡಿಡಾ ಆದರೆ ಒಂದು ದಿನ ಬೆಚ್ಚಗಿಟ್ಟು, ಬೆಳವಣಿಗೆ ನಿಂತ ಅತಿ ಕಡಿಮೆ ಸಾಂದ್ರತೆಯನ್ನು ಗುರುತಿಸುತ್ತಾರೆ. ಓದಲು ಸುಲಭವೆನ್ನಿಸುವ ಈ ಗುರುತಿನಲ್ಲೇ ಹುಳುಕುಗಳಿವೆ. ಅಜೋಲ್‌ಗಳು ಕ್ಯಾಂಡಿಡಾವನ್ನು ಕೊಲ್ಲುವುದಕ್ಕಿಂತ ಹೆಚ್ಚಾಗಿ ತಡೆಹಿಡಿಯುತ್ತವೆ, ಗುಳಿ ಪೂರ್ತಿ ತಿಳಿಯಾಗುವುದೇ ಇಲ್ಲ. ಬೆಳವಣಿಗೆ ಅರ್ಧಕ್ಕೆ ಇಳಿದ ಜಾಗವನ್ನೇ ಉತ್ತರವೆಂದು ಒಪ್ಪಿಕೊಳ್ಳುತ್ತಾರೆ. ಒಂದು ಗುಳಿ ಆಚೀಚೆಯಾದರೆ ಉತ್ತರ ಇಮ್ಮಡಿಯಾಗುತ್ತದೆ ಇಲ್ಲವೇ ಅರ್ಧವಾಗುತ್ತದೆ. ತೂಕದ ಲೆಕ್ಕವೂ ಕಣ್ಣು ಕಟ್ಟುತ್ತದೆ. ಫ್ಲುಕೊನಜೋಲ್‌ನ ಅಣುತೂಕ 306, ಇಟ್ರಾಕೊನಜೋಲ್‌ನದು 706. ಎರಡೂ 8 ಮೈಕ್ರೊಗ್ರಾಂನಲ್ಲಿ ಕೆಲಸ ಮಾಡಿದವು ಎಂದರೆ, ಮೊದಲನೆಯದಕ್ಕೆ ಎರಡನೆಯದರ ಇಮ್ಮಡಿಗೂ ಹೆಚ್ಚು ಅಣುಗಳು ಬೇಕಾದವು ಎಂದರ್ಥ. ಅಣುಗಳ ಸಂಖ್ಯೆಯನ್ನು ಹೇಳುವ ಮೋಲ್ ಲೆಕ್ಕಕ್ಕೆ ಬದಲಿಸದೆ ಮಾದರಿ, ಅಂದರೆ ಲಕ್ಷಣಗಳಿಂದ ಔಷಧಗುಣವನ್ನು ಊಹಿಸುವ ಸಮೀಕರಣ, ಕಟ್ಟಿದರೆ, ಅಣುತೂಕ ಎಂಬ ಲಕ್ಷಣ ಎಲ್ಲೆಡೆ ಕಳ್ಳದಾರಿಯಲ್ಲಿ ನುಸುಳುತ್ತದೆ.

ಕಾಕತಾಳೀಯದ ಸುಗ್ಗಿ

ನಮ್ಮ ಹತ್ತಿರ 40 ಸಂಯುಕ್ತಗಳಿವೆ, ಪ್ರತಿಯೊಂದಕ್ಕೂ 5,000 ಲಕ್ಷಣಗಳಿವೆ ಎಂದುಕೊಳ್ಳಿ. ಆ ಲಕ್ಷಣಗಳೆಲ್ಲ ಶುದ್ಧ ಬೊಗಳೆ, ದಾಳ ಉರುಳಿಸಿ ಬರೆದ ಅಂಕಿಗಳು ಎಂದೂ ಇಟ್ಟುಕೊಳ್ಳಿ. ಎರಡು ಅಂಕಿಗಳು ಎಷ್ಟರಮಟ್ಟಿಗೆ ಒಟ್ಟಿಗೆ ಏರಿಳಿಯುತ್ತವೆ ಎಂಬುದರ ಅಳತೆ ಸಹಸಂಬಂಧ. 40 ಬಿಂದುಗಳಲ್ಲಿ 0.5 ಅಥವಾ ಅದಕ್ಕೂ ಮೀರಿದ ಸಹಸಂಬಂಧ ಆಕಸ್ಮಿಕವಾಗಿ ಬರುವ ಸಾಧ್ಯತೆ ಸಾವಿರಕ್ಕೆ ಒಂದು. ಅಂದರೆ 5,000 ಬೊಗಳೆಗಳಲ್ಲಿ ಐದಾರು, ಔಷಧಗುಣದೊಂದಿಗೆ ಗಾಢ ಸಂಬಂಧವಿರುವಂತೆ ಪೋಸು ಕೊಡುತ್ತವೆ. ಆ ಐದನ್ನು ಹೆಕ್ಕಿ ಸಮೀಕರಣ ಕಟ್ಟಿದರೆ, ಪ್ರಬಂಧವೊಂದರಲ್ಲಿ ಅಚ್ಚಾಗುವಷ್ಟು ಚೆಂದದ ನಕ್ಷೆ ಬರುತ್ತದೆ. ಜಾನ್ ಟಾಪ್ಲಿಸ್ ಮತ್ತು ಸಹೋದ್ಯೋಗಿಗಳು 1970ರ ದಶಕದಲ್ಲೇ ಈ ಅಪಾಯವನ್ನು ಲೆಕ್ಕ ಹಾಕಿ ತೋರಿಸಿದ್ದರು. ಎಚ್ಚರಿಕೆ ಹಳೆಯದಾದಷ್ಟೂ ಅದನ್ನು ಮರೆಯುವವರು ಹೆಚ್ಚಾಗುತ್ತಿದ್ದಾರೆ ಎಂಬುದು ನನ್ನ ಅನುಮಾನ.

ಲಕ್ಷಣಗಳ ಆಯ್ಕೆ ಬೇಕಾಗುವುದು ಇಲ್ಲಿಯೇ. ಮೊದಲ ಜರಡಿ ಸುಲಭದ್ದು: ಎಲ್ಲ ಸಂಯುಕ್ತಗಳಲ್ಲೂ ಒಂದೇ ಬೆಲೆ ತೋರುವ ಲಕ್ಷಣವನ್ನು ಎಸೆಯುವುದು. ಎರಡನೆಯದು, ಒಂದಕ್ಕೊಂದು ಅಂಟಿಕೊಂಡಿರುವವನ್ನು ತೆಳುಗೊಳಿಸುವುದು. ಅಣುತೂಕ, ಪರಮಾಣುಗಳ ಸಂಖ್ಯೆ, ಮೇಲ್ಮೈ ವಿಸ್ತೀರ್ಣ, ವೀನರ್ ಸೂಚ್ಯಂಕ ಎಲ್ಲವೂ ಬಹಳ ಮಟ್ಟಿಗೆ ‘ಅಣು ದೊಡ್ಡದು’ ಎಂಬ ಒಂದೇ ಮಾತನ್ನು ಹೇಳುತ್ತವೆ. ಒಂದೇ ಮನೆಯ ನಾಲ್ವರು ಬೇರೆ ಬೇರೆ ಸಾಕ್ಷಿಗಳೆಂದು ಕಟಕಟೆ ಹತ್ತಿದ ಹಾಗೆ. ಉಳಿದವುಗಳಲ್ಲಿ ಐದನ್ನು ಆರಿಸಬೇಕೆಂದರೂ ಎಲ್ಲ ಜೋಡಣೆಗಳನ್ನು ಪರೀಕ್ಷಿಸಲಾಗುವುದಿಲ್ಲ. 5,000ದಲ್ಲಿ ಐದರ ಗುಂಪುಗಳ ಸಂಖ್ಯೆ ಸುಮಾರು 26ರ ಮುಂದೆ ಹದಿನೈದು ಸೊನ್ನೆಗಳಷ್ಟು ದೊಡ್ಡದು. ಹಾಗಾಗಿ ಅಡ್ಡದಾರಿಗಳಿವೆ. ರಾಬರ್ಟ್ ಟಿಬ್ಶಿರಾನಿ 1996ರಲ್ಲಿ ಮುಂದಿಟ್ಟ ಲ್ಯಾಸೊ ವಿಧಾನದಲ್ಲಿ ಪ್ರತಿ ಲಕ್ಷಣದ ಬಳಕೆಗೂ ಒಂದು ದಂಡ ವಿಧಿಸುತ್ತಾರೆ, ದಂಡಕ್ಕೆ ತಕ್ಕ ಲಾಭ ತರದ ಲಕ್ಷಣದ ತೂಕ ಸೊನ್ನೆಗೆ ಇಳಿಯುತ್ತದೆ. ಎಲ್ಲವನ್ನೂ ಇಟ್ಟುಕೊಂಡು ಆರಂಭಿಸಿ, ಪ್ರತಿ ಸುತ್ತಿನಲ್ಲೂ ದುರ್ಬಲವಾದದ್ದನ್ನು ಹೊರಹಾಕುತ್ತ ಹೋಗುವ ಪದ್ಧತಿಯೂ ಇದೆ. ಯಾವುದು ಮೇಲು ಎಂಬ ಜಗಳಕ್ಕೆ ಕೊನೆಯಿಲ್ಲ, ಅದು ಅಷ್ಟು ಮುಖ್ಯವೂ ಅಲ್ಲ.

ಮುಖ್ಯವಾದದ್ದು, ಆಯ್ಕೆ ಯಾವಾಗ ನಡೆಯಿತು ಎಂಬುದು. ಇಡೀ ದತ್ತಾಂಶವನ್ನು ನೋಡಿ ಲಕ್ಷಣಗಳನ್ನು ಆರಿಸಿಕೊಂಡು, ಆಮೇಲೆ ಐದನೆಯ ಒಂದು ಭಾಗವನ್ನು ಪರೀಕ್ಷೆಗೆಂದು ಎತ್ತಿಟ್ಟರೆ ಪರೀಕ್ಷೆಯ ಪ್ರಶ್ನೆಪತ್ರಿಕೆ ಆಗಲೇ ಸೋರಿಕೆಯಾಗಿರುತ್ತದೆ. ಆರಿಸುವಾಗಲೇ ಆ ಭಾಗದ ಉತ್ತರಗಳನ್ನು ನೋಡಿಯಾಗಿದೆಯಲ್ಲ! ವಂಶವಾಹಿಗಳ ದತ್ತಾಂಶದಲ್ಲಿ ಈ ಸೋರಿಕೆ ಎಷ್ಟು ಸುಳ್ಳು ಭರವಸೆ ಹುಟ್ಟಿಸುತ್ತದೆ ಎಂಬುದನ್ನು 2002ರಲ್ಲಿ ಆಂಬ್ರುವಾಜ್ ಮತ್ತು ಮೆಕ್‌ಲಾಕ್ಲನ್ ತೋರಿಸಿದರು. ಪರೀಕ್ಷೆಯ ಭಾಗವನ್ನು ಮೊದಲೇ ಬೀಗ ಹಾಕಿಟ್ಟು, ಉಳಿದದ್ದರಲ್ಲಿ ಮಾತ್ರ ಆಯ್ಕೆ ನಡೆಸಬೇಕು. ಇನ್ನೊಂದು ಒಳ್ಳೆಯ ತಪಾಸಣೆ, ಔಷಧಗುಣದ ಅಂಕಣವನ್ನು ಇಸ್ಪೀಟಿನಂತೆ ಕಲಸಿ ಇಡೀ ಪ್ರಕ್ರಿಯೆಯನ್ನು ಮತ್ತೆ ಓಡಿಸುವುದು. ಕಲಸಿದ ಮೇಲೂ ಮಾದರಿ ಚೆನ್ನಾಗಿ ಕಂಡರೆ ಮೊದಲು ಕಂಡದ್ದಕ್ಕೆ ಬೆಲೆಯಿಲ್ಲ.

ಇಷ್ಟೆಲ್ಲ ಮಾಡಿದರೂ ಕುಟುಂಬದ ಹೋಲಿಕೆ ಉಳಿದುಕೊಳ್ಳುತ್ತದೆ. ಅಜೋಲ್‌ಗಳ ಉಂಗುರದಲ್ಲಿರುವ ಒಂದು ಸಾರಜನಕ ಕಿಣ್ವದ ಕಬ್ಬಿಣವನ್ನು ಹಿಡಿಯುವುದರಿಂದಲೇ ಅವು ಕೆಲಸ ಮಾಡುವುದು. ದತ್ತಾಂಶದ ಸಕ್ರಿಯ ಸಂಯುಕ್ತಗಳಲ್ಲಿ ಬಹುಪಾಲು ಅಜೋಲ್‌ಗಳೇ ಆಗಿದ್ದರೆ, ಕಂಪ್ಯೂಟರು ‘ಸಾರಜನಕದ ಉಂಗುರ ಇದ್ದರೆ ಒಳ್ಳೆಯದು’ ಎಂದು ಕಲಿಯುತ್ತದೆ. ಅದು ಸುಳ್ಳಲ್ಲ, ಆದರೆ ರಸಾಯನಶಾಸ್ತ್ರಜ್ಞರಿಗೆ ಅದು ಮೊದಲೇ ಗೊತ್ತಿತ್ತು. ಹೊಸ ಮನೆತನ ಹುಡುಕಲು ಆ ಮಾದರಿ ನಿಷ್ಪ್ರಯೋಜಕ. ಆದ್ದರಿಂದ ಒಂದು ಇಡೀ ಮನೆತನವನ್ನೇ ಪರೀಕ್ಷೆಗೆ ಮೀಸಲಿಟ್ಟು, ಕಾಣದ ಮನೆತನದ ಬಗ್ಗೆ ಮಾದರಿ ಏನನ್ನಾದರೂ ಹೇಳಬಲ್ಲದೇ ಎಂದು ಕೇಳುತ್ತಾರೆ. ಅಂಕಗಳು ಸಾಮಾನ್ಯವಾಗಿ ಕುಸಿಯುತ್ತವೆ. ಕುಸಿದ ಅಂಕವೇ ಪ್ರಾಮಾಣಿಕ ಅಂಕ.

ತಟ್ಟೆಯಲ್ಲಿ ಅಳೆದದ್ದೇ ದೇಹದಲ್ಲೂ ನಿಜ ಎನ್ನುವಂತಿಲ್ಲ ಎಂಬುದಕ್ಕೆ ಫ್ಲುಕೊನಜೋಲ್‌ಗಿಂತ ಒಳ್ಳೆಯ ಉದಾಹರಣೆ ಸಿಗದು. ಅದಕ್ಕಿಂತ ಹಿಂದಿನ ಕೀಟೊಕೊನಜೋಲ್ ಕೊಬ್ಬಿನಲ್ಲಿ ಸುಲಭವಾಗಿ ಕರಗುವ ಅಣು. ರಕ್ತದಲ್ಲಿ ಅದರ ಸುಮಾರು ಶೇ 99 ಭಾಗ ಪ್ರೋಟೀನುಗಳಿಗೆ ಅಂಟಿಕೊಂಡೇ ಇರುತ್ತದೆ. ಇಂಗ್ಲೆಂಡಿನ ಸ್ಯಾಂಡ್‌ವಿಚ್ ಊರಿನಲ್ಲಿದ್ದ ಫೈಜರ್ ಪ್ರಯೋಗಾಲಯದಲ್ಲಿ ಕೆನ್ ರಿಚರ್ಡ್‌ಸನ್ ಅವರ ತಂಡ ಬೇಕೆಂದೇ ನೀರಿಗೆ ಒಲಿಯುವ ಅಣುಗಳತ್ತ ಹೊರಳಿತು. ಹೀಗೆ ಸಿಕ್ಕ ಫ್ಲುಕೊನಜೋಲ್ ತಟ್ಟೆಯಲ್ಲಿ ಕೀಟೊಕೊನಜೋಲ್‌ಗಿಂತ ಸಪ್ಪೆ, ಸೋಂಕು ತಗುಲಿದ ಪ್ರಾಣಿಗಳಲ್ಲಿ ಅದಕ್ಕಿಂತ ಪ್ರಬಲ. ನುಂಗಿದ್ದರಲ್ಲಿ ಶೇ 90ಕ್ಕೂ ಹೆಚ್ಚು ರಕ್ತಕ್ಕೆ ಸೇರುತ್ತದೆ, ಪ್ರೋಟೀನಿಗೆ ಅಂಟುವುದು ಸುಮಾರು ಶೇ 12 ಮಾತ್ರ, ಮಿದುಳಿನ ಸುತ್ತಲ ದ್ರವಕ್ಕೂ ಇಳಿಯುತ್ತದೆ. ಬರೀ ತಟ್ಟೆಯ ಅಂಕಿಗಳನ್ನು ನೆಚ್ಚಿ ಲಕ್ಷಣ ಆರಿಸಿದ್ದರೆ, ಕೊಬ್ಬಿನ ಒಲವನ್ನೇ ಸದ್ಗುಣವೆಂದು ಎತ್ತಿಹಿಡಿದು ಈ ಅಣುವನ್ನು ಬದಿಗೆ ಸರಿಸುವ ಸಾಧ್ಯತೆ ಇತ್ತು.

ಮನೆ, ಪಾತ್ರೆ, ಬಲೆ

ಸೊಳ್ಳೆ ಸಮೀಕ್ಷೆಯಲ್ಲಿ ಲಕ್ಷಣಗಳು ಸಾವಿರಾರು ಇಲ್ಲ, ಬೆರಳೆಣಿಕೆಯಷ್ಟಿವೆ. ಆದರೂ ಆಯ್ಕೆ ಸುಲಭವಲ್ಲ. ಡೆಂಗಿ ಹರಡುವ ಈಡಿಸ್ ಈಜಿಪ್ಟಿಯ ಲಾರ್ವಾ ಸಮೀಕ್ಷೆಯಲ್ಲಿ ಕಾರ್ಯಕರ್ತರು ಮನೆಮನೆಗೆ ಹೋಗಿ ನೀರು ನಿಂತ ಪಾತ್ರೆಗಳಿಗೆ ಟಾರ್ಚ್ ಹಾಕಿ ನೋಡುತ್ತಾರೆ. ಉಸಿರ್ಗೊಳವೆಯನ್ನು ನೀರಿನ ಮೇಲ್ಮೈಗೆ ತಾಗಿಸಿ ತಲೆಕೆಳಗಾಗಿ ನೇತಾಡುವವು ಈಡಿಸ್ ಅಥವಾ ಕ್ಯೂಲೆಕ್ಸ್ ಮರಿಗಳು. ಗೊಳವೆಯಿಲ್ಲದೆ ಮೇಲ್ಮೈಗೆ ಸಮಾನಾಂತರವಾಗಿ ಮಲಗಿದ್ದರೆ ಅನಾಫಿಲಿಸ್. 100 ಮನೆಗಳಲ್ಲಿ ನೀರಿದ್ದ 250 ಪಾತ್ರೆ ನೋಡಿ, 12 ಮನೆಗಳ 20 ಪಾತ್ರೆಗಳಲ್ಲಿ ಈಡಿಸ್ ಮರಿ ಸಿಕ್ಕರೆ ಮನೆ ಸೂಚ್ಯಂಕ ಶೇ 12, ಪಾತ್ರೆ ಸೂಚ್ಯಂಕ ಶೇ 8. ನೂರು ಮನೆಗೆ ಇಷ್ಟು ಪಾತ್ರೆ ಎಂದು ಹೇಳುವ ಬ್ರೆಟೊ ಸೂಚ್ಯಂಕ 20. ವರದಿಗಳಲ್ಲಿ ಕಾಣುವ ಅಂಕಿಗಳು ಇವೇ.

ಇವುಗಳ ದೌರ್ಬಲ್ಯ ಪಾತ್ರೆಯೊಳಗೆ ಇಣುಕಿದರೆ ಗೊತ್ತಾಗುತ್ತದೆ. ಹೂಕುಂಡದ ತಟ್ಟೆಯಲ್ಲಿ ಮೂರು ಮರಿ, ಡ್ರಮ್ಮಿನಲ್ಲಿ ಮುನ್ನೂರು. ಲೆಕ್ಕದಲ್ಲಿ ಎರಡೂ ಒಂದೊಂದು ಪಾತ್ರೆ. ಮರಿಗಳಲ್ಲಿ ಬಹಳಷ್ಟು ಹಸಿವಿನಿಂದ ಸಾಯುತ್ತವೆ, ಪ್ಯೂಪಾ ಹಂತ ತಲುಪಿದವು ಮಾತ್ರ ಎರಡು ದಿನಗಳ ಆಸುಪಾಸಿನಲ್ಲಿ ಬಹುತೇಕ ಹಾರುವ ಸೊಳ್ಳೆಗಳಾಗುತ್ತವೆ. ಅದಕ್ಕೇ ಪ್ಯೂಪಾಗಳನ್ನೇ ಎಣಿಸಿ ತಲೆಗೆ ಎಷ್ಟು ಎಂದು ಹೇಳುವ ಸಮೀಕ್ಷೆ ಬಂತು. ಕೆಲಸ ಹೆಚ್ಚು, ಆದರೆ ಊರಿನ ಸೊಳ್ಳೆಗಳಲ್ಲಿ ಬಹುಪಾಲು ಹುಟ್ಟುವುದು ಕೆಲವೇ ಬಗೆಯ ಪಾತ್ರೆಗಳಲ್ಲಿ ಎಂಬುದನ್ನು ಅದು ಹಲವು ಕಡೆ ತೋರಿಸಿದೆ. ಬ್ರೆಟೊ 5ಕ್ಕಿಂತ ಕೆಳಗಿದ್ದರೆ ಭಯವಿಲ್ಲ ಎಂಬ ಹಳೆಯ ಗಡಿ ಹುಟ್ಟಿದ್ದು ಹಳದಿ ಜ್ವರದ ಕಾಲದಲ್ಲಿ. ಡೆಂಗಿಗೆ ಅದನ್ನು ಹಾಗೆಯೇ ಎರವಲು ತಂದಿದ್ದಾರೆ.

ಬಲೆಗಳದ್ದೂ ಪಕ್ಷಪಾತವೇ. ರಾತ್ರಿ ತೂಗುಹಾಕುವ ಬೆಳಕಿನ ಬಲೆಗೆ ಅನಾಫಿಲಿಸ್, ಕ್ಯೂಲೆಕ್ಸ್ ಬಂದಷ್ಟು ಹಗಲಿನಲ್ಲಿ ಕಚ್ಚುವ ಈಡಿಸ್ ಬರುವುದಿಲ್ಲ. ಕೊಳೆತ ಹುಲ್ಲಿನ ನೀರಿಟ್ಟ ಬಲೆಗೆ ಮೊಟ್ಟೆಯಿಡಲು ಬರುವ ಹೆಣ್ಣುಗಳು ಬೀಳುತ್ತವೆ. ಅವು ಆಗಲೇ ಒಮ್ಮೆಯಾದರೂ ರಕ್ತ ಕುಡಿದಿರುವುದರಿಂದ ವೈರಸ್ ಪತ್ತೆಗೆ ಹೇಳಿಮಾಡಿಸಿದಂಥವು, ಒಟ್ಟು ಸಂಖ್ಯೆ ತಿಳಿಯಲು ಅಲ್ಲ.

ಇನ್ನು ಮಲೇರಿಯಾಕ್ಕೆ ಬಂದರೆ, ಬಲೆಗೆ ಬಿದ್ದ ಸೊಳ್ಳೆಗಳ ರಾಶಿ ಕಣ್ಣಿಗೆ ಹಬ್ಬವೇ ಹೊರತು ಉತ್ತರವಲ್ಲ. ಒಬ್ಬ ಮನುಷ್ಯನಿಗೆ ರಾತ್ರಿಗೆ 40 ಕಡಿತ, ಸಾವಿರ ಸೊಳ್ಳೆಗೆ ಒಂದರಲ್ಲಿ ರೋಗಾಣು ಇರುವ ಊರಿನಲ್ಲಿ ವರ್ಷಕ್ಕೆ ಸುಮಾರು 15 ಸೋಂಕಿನ ಕಡಿತಗಳಾಗುತ್ತವೆ. ರಾತ್ರಿಗೆ 10 ಕಡಿತ, ನೂರಕ್ಕೆ ಎರಡರಲ್ಲಿ ರೋಗಾಣು ಇರುವ ಊರಿನಲ್ಲಿ 73. ಸೊಳ್ಳೆ ಕಡಿಮೆಯಿರುವ ಊರೇ ಹೆಚ್ಚು ಅಪಾಯಕಾರಿ. ಸೊಳ್ಳೆಯ ಆಯಸ್ಸು ಇದಕ್ಕಿಂತ ದೊಡ್ಡ ಅಂಶ. ಪರೋಪಜೀವಿ ಸೊಳ್ಳೆಯೊಳಗೆ ಬಲಿಯಲು ಹತ್ತು ದಿನ ಬೇಕು ಎಂದಿಟ್ಟುಕೊಂಡರೆ, ದಿನಕ್ಕೆ ನೂರರಲ್ಲಿ 90 ಸೊಳ್ಳೆ ಬದುಕುಳಿಯುವಲ್ಲಿ ಸುಮಾರು 35 ಆ ಹತ್ತು ದಿನ ದಾಟುತ್ತವೆ. 80 ಬದುಕುಳಿಯುವಲ್ಲಿ ದಾಟುವುದು 11 ಮಾತ್ರ. ಜಾರ್ಜ್ ಮ್ಯಾಕ್‌ಡೊನಾಲ್ಡ್ 1950ರ ದಶಕದಲ್ಲಿ ಈ ಲೆಕ್ಕದ ಮೇಲೆಯೇ ಒತ್ತು ಕೊಟ್ಟಿದ್ದರು.

ಸೊಳ್ಳೆಯ ವಯಸ್ಸು ತಿಳಿಯಲು ಅದರ ಅಂಡಾಶಯವನ್ನು ಸ್ಲೈಡಿನ ಮೇಲೆ ಒಂದು ಹನಿ ನೀರಿನಲ್ಲಿ ಬಿಡಿಸಿ, ಒಣಗಲು ಬಿಟ್ಟು, ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಅಂಡಾಶಯಕ್ಕೆ ಗಾಳಿ ತರುವ ಕೂದಲೆಳೆಯಂಥ ನಾಳಗಳ ತುದಿ ಸುರುಳಿ ಸುತ್ತಿಕೊಂಡಿದ್ದರೆ ಆ ಹೆಣ್ಣು ಇನ್ನೂ ಮೊಟ್ಟೆಯಿಟ್ಟಿಲ್ಲ. ಸುರುಳಿ ಬಿಚ್ಚಿ ಹಿಗ್ಗಿದ್ದರೆ ಒಮ್ಮೆಯಾದರೂ ಇಟ್ಟಿದೆ, ಅಂದರೆ ರಕ್ತ ಕುಡಿದು ಕೆಲವು ದಿನ ಬದುಕಿದೆ. ಸೊಳ್ಳೆಪರದೆ, ಔಷಧ ಸಿಂಪಡಣೆ ಫಲ ಕೊಡುತ್ತಿದೆಯೇ ಎಂದು ತಿಳಿಯಲು ಬಲೆಯ ರಾಶಿಗಿಂತ ಈ ಸುರುಳಿಯೇ ಹೆಚ್ಚು ಹೇಳುತ್ತದೆ ಎಂದು ನನಗನ್ನಿಸುತ್ತದೆ. ಇದಕ್ಕೆ ಬೇಕಾದ ನುರಿತ ಕೈ ಮತ್ತು ತಾಳ್ಮೆಗೆ ಕೊರತೆ ಇರುವುದು ಬೇರೆ ಮಾತು.

ಗುರುತು ಸಿಗದ ಜಾಗ

ಔಷಧ ಹುಡುಕುವ ಮಾದರಿ ತಾನು ಕಲಿತ ಸಂಯುಕ್ತಗಳಿಗಿಂತ ತೀರ ಬೇರೆಯಾದ ಅಣು ಎದುರಾದಾಗಲೂ ಉತ್ತರ ಕೊಡುತ್ತದೆ, ಅದನ್ನು ನಂಬುವಂತಿಲ್ಲ. ಸಮೀಕ್ಷೆಗಳ ಗತಿಯೂ ಇದೇ. ಆಫ್ರಿಕಾದ ಮಲೇರಿಯಾ ಸಮೀಕ್ಷೆಗಳು ಹೆಚ್ಚಾಗಿ ಹಳ್ಳಿಗಾಡಿನ ಕುಂಟೆಗಳನ್ನೂ ಮನೆಯೊಳಗೆ ವಿರಮಿಸುವ ಸೊಳ್ಳೆಗಳನ್ನೂ ನೋಡುವಂತೆ ರೂಪುಗೊಂಡಿದ್ದವು. 2012ರಲ್ಲಿ ಜಿಬೂಟಿಯಲ್ಲಿ, 2016ರಲ್ಲಿ ಇಥಿಯೋಪಿಯಾದಲ್ಲಿ ಏಷ್ಯಾದ ಅನಾಫಿಲಿಸ್ ಸ್ಟೀಫನ್ಸಿ ಪತ್ತೆಯಾಯಿತು. ಅದು ನಗರದ ಸೊಳ್ಳೆ. ನೀರಿನ ಟ್ಯಾಂಕು, ಕಟ್ಟಡ ಕಾಮಗಾರಿಯ ಹೊಂಡಗಳಲ್ಲಿ, ಈಡಿಸ್ ಸಿಗುವಂಥ ಪಾತ್ರೆಗಳಲ್ಲೇ ಮರಿ ಮಾಡುತ್ತದೆ. ಇಥಿಯೋಪಿಯಾದ ಡಿರೆ ದಾವಾ ನಗರದಲ್ಲಿ 2022ರ ಒಣಹವೆಯ ತಿಂಗಳುಗಳಲ್ಲಿ ಮಲೇರಿಯಾ ಏರಿದ್ದಕ್ಕೆ ಇದೇ ಕಾರಣವೆಂದು ಗುರುತಿಸಲಾಯಿತು.

ಅದು ಮುಂದೆ ಎಲ್ಲಿಗೆ ಹೋಗಬಹುದು ಎಂದು ನಕ್ಷೆ ಬರೆಯುವವರು ಕೈಗೆತ್ತಿಕೊಳ್ಳುವುದು ಉಷ್ಣಾಂಶ ಮತ್ತು ಮಳೆಯ 19 ಪ್ರಮಾಣಿತ ಹವಾಮಾನ ಲಕ್ಷಣಗಳನ್ನು. ಅವುಗಳಲ್ಲೂ ಬಹಳಷ್ಟು ಒಂದಕ್ಕೊಂದು ಅಂಟಿಕೊಂಡವು, ಅವಕ್ಕೂ ಅದೇ ಜರಡಿ. ಅಕ್ಕಪಕ್ಕದ ಊರುಗಳ ಹವೆ ಒಂದೇ ಆಗಿರುವುದರಿಂದ ಪರೀಕ್ಷೆಗೆ ಬಿಡಿ ಊರುಗಳನ್ನಲ್ಲ, ಒಂದು ಇಡೀ ಪ್ರದೇಶವನ್ನು ಮೀಸಲಿಡಬೇಕು. ಅಜೋಲ್ ಮನೆತನವನ್ನು ಬದಿಗಿಟ್ಟಂತೆಯೇ. ಎರಡೂ ಕಡೆ ಮತ್ತೊಂದು ಕೊರತೆ ಸಮಾನ. ಸೊಳ್ಳೆ ಸಿಕ್ಕ ಜಾಗ ದಾಖಲಾಗುತ್ತದೆ, ಹುಡುಕಿಯೂ ಸಿಗದ ಜಾಗ ದಾಖಲಾಗುವುದು ಅಪರೂಪ. ಹಾಗಾಗಿ ನಕ್ಷೆಯ ಮೇಲೆ ಕಣ್ಣುಮುಚ್ಚಿ ಕೆಲವು ಬಿಂದುಗಳನ್ನು ಹೆಕ್ಕಿ ‘ಇಲ್ಲಿ ಇಲ್ಲ’ ಎಂದು ಭಾವಿಸಿಕೊಳ್ಳುತ್ತಾರೆ. ಕೆಲಸ ಮಾಡದ ಸಂಯುಕ್ತಗಳೂ ಪತ್ರಿಕೆಗಳಲ್ಲಿ ಅಚ್ಚಾಗುವುದು ಕಡಿಮೆ, ಅಲ್ಲಿಯೂ ಊಹೆಯ ‘ನಿಷ್ಕ್ರಿಯ’ಗಳನ್ನೇ ತುಂಬಿಕೊಳ್ಳುತ್ತಾರೆ. ಸೊಳ್ಳೆಯವರ ಮಟ್ಟಿಗೆ ಪರಿಹಾರ ಖರ್ಚಿಲ್ಲದ್ದು: ಎಷ್ಟು ಬಲೆ, ಎಷ್ಟು ರಾತ್ರಿ ಇಟ್ಟರೂ ಏನೂ ಬೀಳಲಿಲ್ಲ ಎಂಬ ಸೊನ್ನೆಯ ಸಾಲನ್ನೂ ಬರೆದಿಡುವುದು. ಸಂಯುಕ್ತಗಳ ವಿಷಯದಲ್ಲಿ ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯ 2015ರಲ್ಲಿ ಆರಂಭಿಸಿದ ಕೋ-ಆ್ಯಡ್ ಯೋಜನೆ ಒಂದು ದಾರಿ ತೋರಿಸಿದೆ. ಯಾವ ದೇಶದ ರಸಾಯನಶಾಸ್ತ್ರಜ್ಞರು ಕಳಿಸಿದ ಸಂಯುಕ್ತವನ್ನಾದರೂ ಅಲ್ಲಿ ಐದು ಬ್ಯಾಕ್ಟೀರಿಯಾ ಮತ್ತು ಎರಡು ಶಿಲೀಂಧ್ರಗಳ ಮೇಲೆ ಒಂದೇ ವಿಧಾನದಲ್ಲಿ ಉಚಿತವಾಗಿ ಪರೀಕ್ಷಿಸುತ್ತಾರೆ, ಕಾಯ್ದಿಟ್ಟ ಅವಧಿ ಮುಗಿದ ಮೇಲೆ ಫಲ ಕೊಟ್ಟವುಗಳ ಜೊತೆಗೆ ಕೊಡದವುಗಳ ಅಂಕಿಗಳನ್ನೂ ಬಿಡುಗಡೆ ಮಾಡುತ್ತಾರೆ.